ಹಾರಿಸಿದ ಪುಟಗಳು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳನ್ನು ಎಲ್ಲರೂ ಗೆರೆಯಕ್ಕ ಎಂದೇ ಕರೆಯುತ್ತಿದ್ದರು. ಅವಳು ಮಡಚಿದ ಹಾಸುಬಟ್ಟೆಯ ಅಂಚು ಅಡಿಪಟ್ಟಿ ಇಟ್ಟು ಎಳೆದ ಗೆರೆಯ ಹಾಗೆ ಇರುತ್ತಿತ್ತು. ಹೆಸರು ಯಾರಿಟ್ಟರೋ ಯಾರಿಗೂ ನೆನಪಿರಲಿಲ್ಲ. ಹಾಜರಿ ಪುಸ್ತಕದಲ್ಲಿದ್ದ ನಿಜವಾದ ಹೆಸರನ್ನು ಮೇಸ್ತ್ರಿ ತಿಂಗಳಿಗೊಮ್ಮೆ ಕೂಗಿದರೆ ಅವಳೇ ಒಂದು ಕ್ಷಣ ತಡೆದು "ಹಾಂ, ನಾನೇ" ಎನ್ನುತ್ತಿದ್ದಳು.

ಕೆಲಸ ಹೇಳಿಕೊಳ್ಳುವಂಥದ್ದೇನೂ ಅಲ್ಲ. ದೊಡ್ಡ ಪೀಪಾಯಿಯಂಥ ಯಂತ್ರಗಳಲ್ಲಿ ಒಗೆದು, ಹಿಂಡಿ, ಅರೆತೇವದಲ್ಲಿ ಬರುವ ಹಾಸುಬಟ್ಟೆಗಳನ್ನು ಬಿಸಿ ಉರುಳೆಯೊಳಗೆ ಬಿಡಬೇಕು. ಆಚೆ ಕಡೆಯಿಂದ ಅದು ಹಪ್ಪಳದಂತೆ ಚಪ್ಪಟೆಯಾಗಿ ಹೊರಬರುತ್ತದೆ. ಅಲ್ಲಿ ಇಬ್ಬರು ಹೆಂಗಸರು ಎದುರುಬದುರು ನಿಂತು ನಾಲ್ಕು ಮೂಲೆ ಹಿಡಿದು, ಒಮ್ಮೆ, ಇನ್ನೊಮ್ಮೆ, ಮತ್ತೊಮ್ಮೆ ಮಡಚಿ, ವಾರ್ಡಿನ ನಂಬರು ಮೇಲೆ ಕಾಣುವ ಹಾಗೆ ಅಟ್ಟಿ ಹಾಕಬೇಕು. ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರೂವರೆಯವರೆಗೆ, ಇಪ್ಪತ್ತೆರಡು ವರ್ಷ. ಬೆರಳ ತುದಿ ಒಣಗಿ ಬಿರುಕು ಬಿಟ್ಟಿತ್ತು. ಸಂಜೆಯ ಹೊತ್ತಿಗೆ ಕಾಲು ಊದಿಕೊಂಡು, ಚಪ್ಪಲಿಯ ಪಟ್ಟಿ ಚರ್ಮದಲ್ಲಿ ಅಚ್ಚೊತ್ತಿರುತ್ತಿತ್ತು.

ಎದುರಿಗೆ ನಿಂತು ಮಡಚುವವಳ ಹೆಸರು ರೇಡಿಯೋ. ಯಂತ್ರದ ಸದ್ದಿಗಿಂತ ಎತ್ತರದ ದನಿಯಲ್ಲಿ ಎಂಟು ಗಂಟೆಯೂ ಮಾತಾಡಬಲ್ಲವಳು. ಗೆರೆಯಕ್ಕ ಕೇಳುವವಳು. ಹೀಗಾಗಿ ಇಬ್ಬರ ಜೋಡಿ ಚೆನ್ನಾಗಿ ಹೊಂದಿಕೊಂಡಿತ್ತು.

ಮನೆಯಲ್ಲಿದ್ದದ್ದು ಅತ್ತೆ. ನಲವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಮನೆಯಿದ್ದ ಕಟ್ಟಡದ ಮೂರೂ ಮಹಡಿಗೆ ಅವರು ಟೀಚರಮ್ಮ. ಎಂಟು ವರ್ಷದ ಹಿಂದೆ ಗೆರೆಯಕ್ಕನ ಗಂಡ ಊರಿನ ಇನ್ನೊಂದು ತುದಿಯಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ. ಇವಳಿಗೆ ಮಕ್ಕಳಾಗಿರಲಿಲ್ಲ ಎಂಬುದು ಅವನು ಹೇಳಿದ ಕಾರಣ. ಅಲ್ಲಿ ಮಗುವೂ ಆಯಿತು. ಹೋಗುವಾಗ ತಾಯಿಯನ್ನು ಕರೆದ. ಟೀಚರಮ್ಮ "ನನ್ನ ಮಂಚ ಇಲ್ಲಿದೆ" ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿ ಮಲಗಿದರು. ಅಂದಿನಿಂದ ಆ ಎರಡು ಕೋಣೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಅತ್ತೆ ಸೊಸೆ ಎಂದರೆ ಹಾವು ಮುಂಗುಸಿ ಎಂದು ಕಾದು ಕೂತಿದ್ದ ಅಕ್ಕಪಕ್ಕದವರಿಗೆ ನಿರಾಶೆಯೇ ಆಯಿತು. ಅಲ್ಲಿ ಜಗಳವೂ ಇರಲಿಲ್ಲ, ಹೇಳಿಕೊಳ್ಳುವಂಥ ಪ್ರೀತಿಯೂ ಇರಲಿಲ್ಲ. ಅಡುಗೆ, ಊಟ, ಮಾತ್ರೆ, ನಿದ್ದೆ, ಇಷ್ಟೇ.

ಟೀಚರಮ್ಮನಿಗೆ ಇದ್ದ ಒಂದೇ ಚಟ ಓದು. ಎಪ್ಪತ್ತಾರು ತುಂಬಿದ ವರ್ಷ ಅದಕ್ಕೂ ಕಲ್ಲು ಬಿತ್ತು. ಕಣ್ಣಿನ ನಡುವೆ ಒಂದು ಮಸುಕು ಬಂದು ಕೂತಿತು. ಬಾಗಿಲ ಚೌಕಟ್ಟು ಕಾಣುತ್ತಿತ್ತು, ಬಾಗಿಲಲ್ಲಿ ನಿಂತವರ ಮುಖ ಕಾಣುತ್ತಿರಲಿಲ್ಲ. ಪುಟದ ಅಂಚು ಕಾಣುತ್ತಿತ್ತು, ಅಕ್ಷರ ಇಲ್ಲ. ಡಾಕ್ಟರು ಇದಕ್ಕೆ ಮದ್ದಿಲ್ಲ ಅಂದಾಗ ಅವರು ಅಳಲಿಲ್ಲ. "ಸರಿ, ಹಾಗಾದ್ರೆ ಆ ಪುಸ್ತಕ ವಾಪಸ್ ಕೊಟ್ಬಿಡು" ಎಂದರು.

ಆ ಪುಸ್ತಕವನ್ನು ಹಿಂದಿರುಗಿಸಲು ಗೆರೆಯಕ್ಕ ಮೊದಲ ಸಲ ಲೈಬ್ರರಿಯ ಮೆಟ್ಟಿಲು ಹತ್ತಿದಳು. ಅಂಚೆ ಕಚೇರಿಯ ಮೇಲಿನ ಮಹಡಿಯಲ್ಲಿ ಎರಡು ಉದ್ದನೆಯ ಮೇಜು, ಎಂಟು ಕಪಾಟು, ಕನ್ನಡಕವನ್ನು ಹಣೆಗೆ ಏರಿಸಿಕೊಂಡು ಅದನ್ನೇ ಹುಡುಕುತ್ತಿದ್ದ ಲೈಬ್ರರಿಯವರು. ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿದ್ದರು. ಅದರಲ್ಲಿ ವರ್ಣಮಾಲೆಯ ಚೌಕಗಳು. ಇಬ್ಬಿಬ್ಬರು ಜೋಡಿಯಾಗಿ ಹೆಸರು ಕೊಡಬೇಕು; ಬರೆದವರ ಅಡ್ಡಹೆಸರಿನ ಮೊದಲ ಅಕ್ಷರ ನೋಡಿಕೊಂಡು 'ಅ' ಇಂದ 'ಹ' ವರೆಗೆ ಅಕ್ಷರಕ್ಕೊಂದು ಪುಸ್ತಕ ಓದಬೇಕು; ಇಬ್ಬರೂ ಅದೇ ಪುಸ್ತಕ ಓದಬೇಕು. ಒಂದು ವರ್ಷದ ಗಡುವು. ಮುಗಿಸಿದ ಪುಸ್ತಕಕ್ಕೆ ಒಂದು ಮೊಹರು.

ರಾತ್ರಿ ಊಟಕ್ಕೆ ಕೂತಾಗ ಹೇಳಲು ಬೇರೇನೂ ಇಲ್ಲದೆ ಅವಳು ಇದನ್ನು ಹೇಳಿದಳು. ಬಾಯಿ ಜಾರಿದ್ದು ಅಷ್ಟೆ.

ಟೀಚರಮ್ಮ ಕೈ ತಟ್ಟೆಯಲ್ಲೇ ನಿಲ್ಲಿಸಿದರು. "ಜೋಡಿ ಅಂದ್ರೆ ಯಾರಾದ್ರೂ ಆಗಬಹುದಾ?"

"ಹಾಗೇ ಅಂತ ಕಾಣುತ್ತೆ."

"ನೀನು ಏಳನೇ ಕ್ಲಾಸು ಓದಿದೀಯ ಅಲ್ವಾ?"

"ಪಾಸಾಗಿಲ್ಲ ಅತ್ತೆ."

"ಓದೋಕೆ ಪಾಸಾಗಬೇಕಿಲ್ಲ" ಎಂದರು ಟೀಚರಮ್ಮ. ಗೆರೆಯಕ್ಕ ಮನಸ್ಸಿನಲ್ಲೇ ತಲೆ ಚಚ್ಚಿಕೊಂಡಳು.

ಹಾಗೆ ಶುರುವಾಯಿತು. ಸಂಜೆ ಬಂದು, ಕಾಲು ತೊಳೆದು, ಅಡುಗೆ ಇಟ್ಟು, ಏಳು ಗಂಟೆಗೆ ಅತ್ತೆಯ ಮಂಚದ ಪಕ್ಕ ಗೋಡೆಗೊರಗಿ ನೆಲದ ಮೇಲೆ ಕೂತು ಗಟ್ಟಿಯಾಗಿ ಓದಬೇಕು. ಮೊದಮೊದಲು ಒಂದು ಪುಟಕ್ಕೆ ಕಾಲು ಗಂಟೆ ಹಿಡಿಯುತ್ತಿತ್ತು. ಒತ್ತಕ್ಷರ ಬಂದಲ್ಲಿ ನಾಲಿಗೆ ಎಡವುತ್ತಿತ್ತು. ಮಹಾಪ್ರಾಣ ಅಂತೂ ಅವಳ ಬಾಯಲ್ಲಿ ಹುಟ್ಟುತ್ತಲೇ ಇರಲಿಲ್ಲ.

"ಸಬೆ ಅಲ್ಲ, ಸಭೆ. ಹೊಟ್ಟೆಯಿಂದ ಉಸಿರು ಬಿಡು."

"ಎಂಟು ಗಂಟೆ ಉಸಿರು ಬಿಟ್ಟೇ ಬಂದಿದೀನಿ ಅತ್ತೆ. ಇನ್ನು ಉಳಿದಿಲ್ಲ."

ಟೀಚರಮ್ಮ ಆವತ್ತು ನಕ್ಕರು. ಅವರು ನಕ್ಕಿದ್ದನ್ನು ನೋಡಿ ಎಷ್ಟು ವರ್ಷವಾಗಿತ್ತೋ ಏನೋ, ಗೆರೆಯಕ್ಕನಿಗೆ ಅದು ಕೆಮ್ಮೋ ನಗುವೋ ಎಂದು ಮೊದಲು ತಿಳಿಯಲಿಲ್ಲ.

ಅಡ್ಡಹೆಸರಿನ ಪಂಚಾಯ್ತಿಯೇ ಒಂದು ದೊಡ್ಡ ರಾಮಾಯಣವಾಯಿತು. ಕೆಲವರಿಗೆ ಮನೆತನದ ಹೆಸರು ಹಿಂದೆ, ಕೆಲವರಿಗೆ ಮುಂದೆ, ಕೆಲವರಿಗೆ ಬರೀ ಎರಡಕ್ಷರದ ಇನಿಷಿಯಲ್ಲು, ಇನ್ನು ಕೆಲವರದ್ದು ತಮಗೆ ತಾವೇ ಇಟ್ಟುಕೊಂಡ ಹೆಸರು. ಅಪ್ಪನ ಹೆಸರು ಅಡ್ಡಹೆಸರಾಗುತ್ತದೆಯೋ ಇಲ್ಲವೋ ಎಂದು ಟೀಚರಮ್ಮ ಪ್ರಶ್ನೆ ಬರೆಸಿ ಕಳಿಸಿದರು. ಲೈಬ್ರರಿಯವರು ಚೀಟಿಯನ್ನು ಎರಡು ಸಲ ಓದಿ, "ನಮ್ಮ ಕಾರ್ಡಿನ ಡ್ರಾಯರಲ್ಲಿ ಯಾವ ಅಕ್ಷರದಡಿ ಇದೆಯೋ ಅದೇ ಅಡ್ಡಹೆಸರು ಅಂತ ಹೇಳಿ ತಾಯಿ, ನನ್ನ ತಲೆ ತಿನ್ನಬೇಡಿ" ಎಂದರು. ಕಾರ್ಡೇ ಇಲ್ಲದ ಅಕ್ಷರಗಳಿಗೆ ಕೆಂಪು ಶಾಯಿಯ ಗೀಟು ಎಳೆದಿದ್ದರು. ಎಲ್ಲ ಕಳೆದು ಮೂವತ್ತಾರು ಅಕ್ಷರ ಉಳಿದಿದ್ದವು.

"ಙ ಗೆ ಯಾರೂ ಇಲ್ವಂತೆ ಅತ್ತೆ. ಞ ಗೂ ಇಲ್ಲ."

"ಪಾಪ" ಎಂದರು ಟೀಚರಮ್ಮ. "ನಲವತ್ತು ವರ್ಷ ಮಕ್ಕಳ ಕೈಲಿ ತಿದ್ದಿಸಿದೀನಿ ಆ ಎರಡನ್ನ. ಒಬ್ಬರಿಗೂ ಒಂದು ದಿನಕ್ಕೂ ಉಪಯೋಗಕ್ಕೆ ಬರಲಿಲ್ಲ ನೋಡು."

ಎಲ್ಲ ಪುಸ್ತಕವೂ ಕಥೆ ಕಾದಂಬರಿಯಲ್ಲ. 'ಐ' ಅಕ್ಷರಕ್ಕೆ ಸಿಕ್ಕಿದ್ದು ಸೇತುವೆ ಕಟ್ಟುವವನೊಬ್ಬನ ಪ್ರವಾಸದ ಟಿಪ್ಪಣಿ. 'ಘ' ಕ್ಕೆ ನಕ್ಷತ್ರಗಳ ವಿಷಯ. 'ಠ' ಕ್ಕೆ ಇಡೀ ಲೈಬ್ರರಿಯಲ್ಲಿ ಇದ್ದದ್ದು ಒಂದೇ ಪುಸ್ತಕ, ಮೇಕೆ ಸಾಕಣೆಯ ಕೈಪಿಡಿ. ಅದನ್ನೂ ಬಿಡದೆ ಓದಿದರು. ಮೂರನೇ ಮಹಡಿಯ ಎರಡು ಕೋಣೆಯಲ್ಲಿ ಕೂತು, ಮೇಕೆಯ ಗೊರಸಿಗೆ ಹುಣ್ಣಾದರೆ ಏನು ಮಾಡಬೇಕು ಎಂದು ಇಬ್ಬರೂ ಗಂಭೀರವಾಗಿ ಚರ್ಚಿಸಿದರು. ಮರುದಿನ ಇದನ್ನು ಕೇಳಿದ ರೇಡಿಯೋ ಹಾಸುಬಟ್ಟೆಯ ಮೂಲೆ ಕೈಬಿಟ್ಟು ನಕ್ಕಳು.

"ಕಾಲಲ್ಲಿ ಜೀವ ಇಲ್ಲ, ಕೈಯಲ್ಲಿ ಪುಸ್ತಕ! ನಿಮ್ಮತ್ತೆಗೆ ಹೇಳಬಾರದಾ, ನನ್ನ ಕೈಲಾಗಲ್ಲ ಅಂತ?"

"ಹೇಳಿ?"

"ಹೇಳಿ ಆರಾಮಾಗಿ ಮಲಗೋದು."

ಗೆರೆಯಕ್ಕ ಬಿದ್ದ ಮೂಲೆಯನ್ನು ಎತ್ತಿ ರೇಡಿಯೋ ಕೈಗೆ ಕೊಟ್ಟಳು. ಅವಳು ಆಗಲೇ ಒಂದು ದಾರಿ ಕಂಡುಕೊಂಡಿದ್ದಳು. ಅದನ್ನು ರೇಡಿಯೋಗೆ ಹೇಳುವುದೆಂದರೆ ಇಡೀ ಆಸ್ಪತ್ರೆಗೆ ಹೇಳಿದಂತೆ.

ಅದು 'ಗ' ಅಕ್ಷರದಲ್ಲಿ ಶುರುವಾಗಿತ್ತು. 'ಗ' ಕ್ಕೆ ಸಿಕ್ಕಿದ್ದು ಇಟ್ಟಿಗೆಯಂಥ ಕಾದಂಬರಿ, ಆರುನೂರು ಪುಟ. ನಾಲ್ಕನೆಯ ಸಂಜೆ ಓದುತ್ತ ಓದುತ್ತ ಕಣ್ಣು ಮುಚ್ಚಿಹೋಯಿತು. ಎಚ್ಚರವಾದಾಗ ಹೆಬ್ಬೆರಳು ಎಲ್ಲೋ ಮುಂದಿನ ಪುಟದಲ್ಲಿತ್ತು. ಅಲ್ಲಿಂದಲೇ ಓದಿದಳು. ಟೀಚರಮ್ಮ ಏನೂ ಅನ್ನಲಿಲ್ಲ. ಮರುದಿನ ಎರಡು ಹಾಳೆ ಒಟ್ಟಿಗೆ ಮಗುಚಿದಳು. ಆಗಲೂ ಇಲ್ಲ. ಆಮೇಲಾಮೇಲೆ ಅದು ಕೈಗೆ ರೂಢಿಯಾಯಿತು. ಊದಿದ ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಟ್ಟುಕೊಂಡು, ಇವತ್ತು ಹೆಚ್ಚು ಸುಸ್ತು ಅನಿಸಿದರೆ ನಾಲ್ಕು ಹಾಳೆ, ಕಡಿಮೆ ಅನಿಸಿದರೆ ಎರಡು. ಮನಸ್ಸು ಚುಚ್ಚುತ್ತಿತ್ತು. ಆದರೆ ಚುಚ್ಚಿದ ಜಾಗದಲ್ಲೇ ನಿದ್ದೆಯೂ ಬರುತ್ತಿತ್ತು. ಪ್ರತಿ ಸಲ ಲೈಬ್ರರಿಯವರು "ಮುಗೀತಾ?" ಎಂದು ಕೇಳಿ ಮೊಹರು ಒತ್ತುವಾಗ ಅವಳು ಬೀದಿಯ ಕಡೆಯ ಕಿಟಕಿ ನೋಡುತ್ತಿದ್ದಳು.

ಹನ್ನೊಂದು ಜೋಡಿ ಹೆಸರು ಕೊಟ್ಟಿದ್ದವು. ಹತ್ತು ತಿಂಗಳಾಗುವಾಗ ಮೂರು ಉಳಿದಿದ್ದವು. ಅತ್ತೆ ಸೊಸೆ 'ದ' ದಲ್ಲಿದ್ದರು. ಅವರೇ ಎಲ್ಲರಿಗಿಂತ ಹಿಂದೆ.

ಆ ವಾರ ಉರುಳೆ ಕೆಟ್ಟಿತು. ದುರಸ್ತಿಯವರು ಬರುವವರೆಗೆ ಹಾಸುಬಟ್ಟೆಗಳನ್ನು ಹಗ್ಗದ ಮೇಲೆ ಒಣಗಿಸಿ ಕೈಯಲ್ಲೇ ಇಸ್ತ್ರಿ ಮಾಡಬೇಕಾಯಿತು. ಇಬ್ಬರು ರಜೆ ಹಾಕಿದ್ದರು. ಗೆರೆಯಕ್ಕ ಐದು ದಿನ ಎರಡಾಳಿನ ಕೆಲಸ ಮಾಡಿದಳು. ಶುಕ್ರವಾರ ಸಂಜೆ ಮೂರು ಮಹಡಿ ಹತ್ತುವಾಗ ಎರಡು ಸಲ ಮೆಟ್ಟಿಲ ಮೇಲೆ ಕೂತಳು. ಅಡುಗೆ ಮಾಡಿದಳು. ಪುಸ್ತಕ ತೆರೆದಳು. ಎಷ್ಟು ಹಾಳೆ ಮಗುಚಿದಳೋ ಅವಳಿಗೇ ಲೆಕ್ಕವಿರಲಿಲ್ಲ.

ಅರ್ಧ ಪುಟ ಓದಿರಬೇಕು. ಟೀಚರಮ್ಮ ಕೈಯೆತ್ತಿದರು, ಕ್ಲಾಸಿನಲ್ಲಿ ಎತ್ತುವ ಹಾಗೆ.

"ನಿಲ್ಲಿಸು. ಈ ಮನುಷ್ಯ ನಿನ್ನೆ ಸತ್ತ. ಇವತ್ತು ಊಟಕ್ಕೆ ಕೂತಿದಾನೆ."

ಗೆರೆಯಕ್ಕ ಪುಟ ನೋಡಿದಳು. ನಿಜ. ಅವನು ಊಟಕ್ಕೆ ಕೂತಿದ್ದ. ಇನ್ನಷ್ಟು ಬಡಿಸು ಎಂದು ಹೆಂಡತಿಗೆ ಹೇಳುತ್ತಿದ್ದ.

"ಎಷ್ಟು ಹಾರಿಸಿದೆ?"

ಗೆರೆಯಕ್ಕ ಹಾಳೆಗಳನ್ನು ಹಿಂದಕ್ಕೆ ಮಗುಚತೊಡಗಿದಳು.

"ನೀನು 'ಗ' ಇಂದ ಹಾರಿಸ್ತಿದೀಯ ಅಂತ ನನಗೆ ಗೊತ್ತು. ನಾನು ಏನೂ ಅಂದಿಲ್ಲ. ನೀನು ಬಿಟ್ಟ ಜಾಗದಲ್ಲಿ ಏನಾಗಿರಬಹುದು ಅಂತ ಆಮೇಲೆ ಮಲಗಿ ನಾನೇ ಯೋಚನೆ ಮಾಡಿ ತುಂಬಿಕೊಳ್ತಿದ್ದೆ. ಇದೊಂದು ಆಗಲ್ಲ. ಸತ್ತವನನ್ನ ಎಬ್ಬಿಸಿ ಊಟಕ್ಕೆ ಕೂರಿಸೋದು ನನ್ನ ಕೈಲಾಗಲ್ಲ."

ಬೈದಿದ್ದರೆ ಗೆರೆಯಕ್ಕ ತಡೆದುಕೊಳ್ಳುತ್ತಿದ್ದಳು. ಆರು ತಿಂಗಳಿನಿಂದ ಗೊತ್ತಿದ್ದೂ ಸುಮ್ಮನೆ ಕೇಳುತ್ತ ಮಲಗಿದ್ದರು ಎಂಬುದು ಎದೆಯಲ್ಲಿ ಏನನ್ನೋ ಕಿತ್ತು ಹಾಕಿತು. ತನ್ನ ಕಳ್ಳತನವನ್ನು ಮೂಲೆಯಲ್ಲಿ ಕೂತು ಯಾರೋ ದಿನಾ ನೋಡುತ್ತಿದ್ದ ಹಾಗೆ.

"ಗೊತ್ತಿದ್ದೂ ನನ್ನ ಕೈಲಿ ಓದಿಸಿದ್ರಾ? ಕೋತಿ ಆಡಿಸಿದ ಹಾಗೆ?"

"ನಾನು..."

"ಬೆಳಿಗ್ಗೆ ಐದಕ್ಕೆ ಏಳ್ತೀನಿ ಅತ್ತೆ. ನಿಮಗೆ ತಿಂಡಿ, ನಿಮಗೆ ಮಾತ್ರೆ, ನಿಮಗೆ ಬಿಸಿನೀರು. ಆಮೇಲೆ ಊರವರ ಹಾಸಿಗೆ ಬಟ್ಟೆ. ಸಂಜೆ ಬಂದು ನಿಮ್ಮ ಪುಸ್ತಕ. ನಾನು ಯಾವಾಗ ಕೂರಲಿ? ನಿಮ್ಮ ಮಗ ಹೋದ. ನೀವು ಯಾಕೆ ಇಲ್ಲೇ ಉಳಿದ್ರಿ ಅಂತ ನಾನು ಇವತ್ತಿನವರೆಗೆ ಕೇಳಿಲ್ಲ. ಕೇಳೋಕೂ ನನಗೆ ಪುರುಸೊತ್ತಿಲ್ಲ!"

ಗಟ್ಟಿಯಾಗಿ ಮಾತಾಡಿದ ಅಭ್ಯಾಸವಿಲ್ಲದ ಅವಳ ದನಿ ಕೊನೆಗೆ ಒಡೆದುಹೋಯಿತು. ಪುಸ್ತಕವನ್ನು ಕಪಾಟಿನ ಮೇಲಿಟ್ಟು, ಊಟ ಮಾಡದೆ ಹೋಗಿ ಮಲಗಿದಳು.

ಮರುದಿನ ಬೆಳಿಗ್ಗೆ ಟೀಚರಮ್ಮ "ಸ್ವಲ್ಪ ಫೋನ್ ಹಚ್ಚಿಕೊಡು, ಅವನಿಗೆ" ಎಂದರು. ಭಾನುವಾರ ಮಗ ಬಂದ. ಒಳಗೆ ಬರದೆ ಹೊಸ್ತಿಲ ಮೇಲೆ ನಿಂತು "ಹೇಗಿದೀಯ?" ಎಂದ. "ಇದೀನಿ" ಎಂದಳು. ಎಂಟು ವರ್ಷದಲ್ಲಿ ಅವನ ತಲೆ ಬೋಳಾಗಿತ್ತು. ಅವಳಿಗೆ ಸಿಟ್ಟೂ ಬರಲಿಲ್ಲ. ಅತ್ತೆಯ ಬಟ್ಟೆಗಳನ್ನು ಮಡಚಿ ಚೀಲಕ್ಕೆ ಹಾಕಿ, ಮಾತ್ರೆಯ ಡಬ್ಬಿಯಲ್ಲಿ ಬೆಳಿಗ್ಗೆಯದು ಯಾವುದು ಸಂಜೆಯದು ಯಾವುದು ಎಂದು ಅವನಿಗೆ ಎರಡು ಸಲ ಹೇಳಿಕೊಟ್ಟಳು. ಟೀಚರಮ್ಮ ಗೋಡೆ ಹಿಡಿದು ಬಾಗಿಲವರೆಗೆ ಹೋಗಿ ತಿರುಗಿದರು.

"ಪುಸ್ತಕ ವಾಪಸ್ ಕೊಡು. ಗುರುವಾರ ಕೊನೆ ದಿನ."

ಇಷ್ಟೇ ಮಾತು.

ಮೊದಲ ಮೂರು ದಿನ ಗೆರೆಯಕ್ಕ ನಿದ್ದೆ ಮಾಡಿದಳು. ಕೆಲಸದಿಂದ ಬಂದವಳು ಹಾಗೇ ಚಾಪೆಯ ಮೇಲೆ ಬಿದ್ದುಕೊಳ್ಳುತ್ತಿದ್ದಳು. ಒಬ್ಬಳಿಗಾಗಿ ಒಲೆ ಹಚ್ಚುವ ಗೋಜಿಲ್ಲ, ನಿನ್ನೆಯದ್ದೇ ಇವತ್ತು. ಎಂಟು ವರ್ಷದ ನಿದ್ದೆ ಬಾಕಿ ಇತ್ತು. ಆದರೆ ಮಲಗಿ ಎದ್ದರೂ ಸುಸ್ತು ಮಾತ್ರ ಹೋಗಲಿಲ್ಲ. ಅದು ನಿದ್ದೆಯಿಂದ ಹೋಗುವ ಜಾತಿಯ ಸುಸ್ತಲ್ಲ ಎಂದು ಅವಳಿಗೆ ಮೊದಲ ಸಲ ಅನಿಸಿತು.

ಬುಧವಾರ ಪುಸ್ತಕವನ್ನು ಚೀಲಕ್ಕೆ ಹಾಕಲು ಹೋದವಳು ಅಡುಗೆಮನೆಯ ಕಟ್ಟೆಗೆ ಒರಗಿ ಅದನ್ನು ತೆರೆದಳು. ಸತ್ತವನು ಊಟಕ್ಕೆ ಹೇಗೆ ಕೂತ ಎಂಬುದು ಐದು ದಿನದಿಂದ ಹಲ್ಲಿಗೆ ಸಿಕ್ಕ ನಾರಿನ ಹಾಗೆ ಕಾಡುತ್ತಿತ್ತು. ಹಾರಿಸಿದ ಪುಟಗಳಿಗೆ ಹೋದಳು. ಹದಿನಾಲ್ಕು ಪುಟ. ಗಂಡ ಸತ್ತ ಮೇಲೆ ಆ ಹೆಂಡತಿ ಖಾಲಿ ಮನೆಯಲ್ಲಿ ಕೂತು ಹಳೆಯ ಒಂದು ದಿನವನ್ನು ನೆನೆಸಿಕೊಳ್ಳುತ್ತಾಳೆ. ಊಟ, ಬಡಿಸುವುದು, ಎಲ್ಲ ಆ ನೆನಪಿನೊಳಗಿನದು. ಗೆರೆಯಕ್ಕ ನಿಂತೇ ಓದಿದಳು. ಆಮೇಲೆ ಕೂತು ಓದಿದಳು. ಗುರುವಾರ ಲೈಬ್ರರಿಗೆ ಹೋಗಿ ಇನ್ನೆರಡು ವಾರ ಗಡುವು ಕೇಳಿಕೊಂಡು ಬಂದಳು. ಶನಿವಾರ ಸಂಜೆ ಪುಸ್ತಕ ಮುಗಿಯಿತು. ಜೀವನದಲ್ಲಿ ಒಂದು ಹಾಳೆಯನ್ನೂ ಬಿಡದೆ, ತನಗಾಗಿ ಓದಿದ ಮೊದಲ ಕಥೆ.

ಓದಿದ್ದನ್ನು ಯಾರಿಗಾದರೂ ಹೇಳಬೇಕಲ್ಲ. ಸೋಮವಾರ ರೇಡಿಯೋಗೆ ಹೇಳಿದಳು.

"ಆಮೇಲೆ ಅವಳು ಬೇರೆ ಮದುವೆ ಆದ್ಲಾ?" ಎಂದಳು ರೇಡಿಯೋ.

"ಇಲ್ಲ."

"ಮತ್ತೆ ಅದರಲ್ಲಿ ಏನಿದೆ?"

ಗೆರೆಯಕ್ಕ ಹಾಸುಬಟ್ಟೆಯ ಮೂಲೆ ಹಿಡಿದು ಮಡಚಿದಳು.

ಮುಂದಿನ ಭಾನುವಾರ ಎರಡು ಬಸ್ಸು ಬದಲಿಸಿ ಅವಳು ಗಂಡನ ಮನೆಗೆ ಹೋದಳು. ವಿಳಾಸ ಗೊತ್ತಿತ್ತು, ಎಂಟು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ. ಹೊಸ ಕಟ್ಟಡ, ಕೆಳಗೆ ಸಿಮೆಂಟಿನ ಒಂದು ಬೆಂಚು. ಮೇಲೆ ಹೋಗುವ ಮನಸ್ಸಾಗದೆ ಬೆಂಚಿನ ಮೇಲೆ ಕೂತು ಫೋನು ಮಾಡಿದಳು. ಹತ್ತು ನಿಮಿಷಕ್ಕೆ ಟೀಚರಮ್ಮ ಇಳಿದು ಬಂದರು. ಅವರ ಕೈಹಿಡಿದು ಕರೆತಂದವಳು ಆ ಇನ್ನೊಬ್ಬಳು.

ಗೆರೆಯಕ್ಕ ಅವಳ ಮುಖವನ್ನು ಎಷ್ಟೋ ಸಲ ಮನಸ್ಸಿನಲ್ಲಿ ಬರೆದುಕೊಂಡಿದ್ದಳು. ಬರೆದುಕೊಂಡ ಹಾಗೆ ಏನೂ ಇರಲಿಲ್ಲ. ಕಣ್ಣ ಕೆಳಗೆ ಕಪ್ಪು, ಹೆಗಲ ಮೇಲೆ ಒದ್ದೆ ಟವೆಲು, ಒಂದು ಕಿವಿಯಲ್ಲಿ ಮಾತ್ರ ಓಲೆ. ಮೇಲಿನಿಂದ ಮಗು ಅಳುವುದೂ ಟಿ.ವಿ.ಯ ಸದ್ದೂ ಕೇಳುತ್ತಿತ್ತು. "ಮೇಲೆ ಬನ್ನಿ ಅಕ್ಕ" ಎಂದಳು ಅವಳು, ಬರುವುದಿಲ್ಲ ಎಂದು ಗೊತ್ತಿದ್ದವಳ ದನಿಯಲ್ಲಿ. ಇವಳು ತಲೆಯಾಡಿಸಿದ ಮೇಲೆ ಒಂದು ಲೋಟ ನೀರು ತಂದು ಬೆಂಚಿನ ಮೇಲಿಟ್ಟು ಹೋದಳು. ಗೆರೆಯಕ್ಕ ಸ್ವಲ್ಪ ಹೊತ್ತು ಆ ಲೋಟ ನೋಡಿದಳು. ಬಿಸಿಲಲ್ಲಿ ನಡೆದು ಬಂದಿದ್ದಳು. ಕುಡಿದಳು.

"ಹದಿನಾಲ್ಕು ಪುಟ" ಎಂದಳು ಅತ್ತೆಗೆ. "ಅವನು ಎದ್ದು ಬರಲಿಲ್ಲ ಅತ್ತೆ. ಅವಳು ನೆನೆಸಿಕೊಂಡಿದ್ದು ಅದು."

"ಹಾಗೋ!" ಎಂದರು ಟೀಚರಮ್ಮ. "ನಾನು ಅವನಿಗೆ ಅವಳಿ ತಮ್ಮ ಇರಬಹುದು ಅಂದುಕೊಂಡೆ."

ಗೆರೆಯಕ್ಕ ಅಲ್ಲೇ ಆ ಹದಿನಾಲ್ಕು ಪುಟ ಓದಿದಳು. ದಾರಿಯಲ್ಲಿ ಹೋಗುವವರು ತಿರುಗಿ ನೋಡಿದರು. ಉಸಿರು ಬಿಡಬೇಕಾದಲ್ಲಿ ಬಿಟ್ಟಳು. ಮುಗಿದ ಮೇಲೆ ಪುಸ್ತಕವನ್ನು ಚೀಲಕ್ಕೆ ಹಾಕಿದಳು.

"ಇಲ್ಲಿ ಹೇಗಿದೆ ಅತ್ತೆ?"

"ಚೆನ್ನಾಗಿ ನೋಡ್ಕೋತಾರೆ. ಬೆಳಗಿಂದ ಸಂಜೆವರೆಗೂ ಟಿ.ವಿ. ನೋಡೋಕೆ ನನಗೆ ಕಣ್ಣಿಲ್ಲ, ಕೇಳೋಕೆ ಅದರಲ್ಲಿ ವಿಷಯ ಇಲ್ಲ." ಅವರೇ ಮುಂದುವರಿಸಿದರು. "ನಾನು ಯಾಕೆ ಉಳಿದೆ ಅಂತ ಕೇಳೋಕೆ ಪುರುಸೊತ್ತಿಲ್ಲ ಅಂದ್ಯಲ್ಲ. ಕೇಳದೇ ಇದ್ರೂ ಹೇಳ್ತೀನಿ. ಅವನು ಹೋದ ದಿನ ನಾನು ಮಲಗಿದ್ದೆ. ಮನಸ್ಸಲ್ಲಿ ನಾಳೆ ಹೋದರಾಯ್ತು ಅಂತಲೇ ಇತ್ತು. ಸೊಸೆ ಮನೇಲಿ ನನಗೇನು ಹಕ್ಕು? ನೀನು ಒಂದು ಮಾತೂ ಆಡದೆ ಎರಡು ತಟ್ಟೆ ಹಾಕ್ದೆ. ಒಂದು ತಟ್ಟೆ ಹಾಕಿದ್ರೆ ಹೊರಡ್ತಿದ್ದೆ."

ಗೆರೆಯಕ್ಕನಿಗೆ ಆ ತಟ್ಟೆಗಳ ನೆನಪೇ ಇರಲಿಲ್ಲ. ಅಂದು ಅವಳು ಎಲ್ಲವನ್ನೂ ಯಂತ್ರದ ಹಾಗೆ ಮಾಡಿದ್ದಳು. ಅದನ್ನು ಹೇಳೋಣ ಎಂದುಕೊಂಡು, ಬೇಡ ಎಂದು ಬಿಟ್ಟಳು.

"ಬರ್ತೀರಾ?" ಎಂದು ಕೇಳಿದಳು. "ದಿನಾ ಓದೋಕೆ ಮಾತ್ರ ನನ್ನ ಕೈಲಾಗಲ್ಲ."

"ಆಗದ ದಿನ ಆಗಲ್ಲ ಅನ್ನು. ಹಾರಿಸಬೇಡ."

ಅತ್ತೆಯ ಚೀಲದ ಬಟ್ಟೆಗಳನ್ನು ಅವಳೇ ಮಡಚಿಕೊಟ್ಟಿದ್ದಳು. ಅದೇ ಮಡಿಕೆಯಲ್ಲಿ ಅತ್ತೆಯ ಜೊತೆ ವಾಪಸು ಬಂದವು.

ಆಮೇಲೆ ಓದು ಆಮೆಯ ನಡಿಗೆಯಾಯಿತು. ವಾರಕ್ಕೆ ಮೂರು ಸಂಜೆ, ಕೆಲವು ವಾರ ಒಂದೇ. "ಇವತ್ತು ಆಗಲ್ಲ ಅತ್ತೆ" ಎನ್ನುವುದು ಮೊದಲು ಬಾಯಿಗೆ ಬರುತ್ತಿರಲಿಲ್ಲ. ಬಂದ ದಿನ ಟೀಚರಮ್ಮ "ಸರಿ" ಎಂದು ಗೋಡೆಯ ಕಡೆ ತಿರುಗಿದರು. ಸಿಟ್ಟೋ ಏನೋ ಎಂದು ಗೆರೆಯಕ್ಕ ಹೆದರಿ ನೋಡಿದರೆ, ಅವರು ಗೊರಕೆ ಹೊಡೆಯುತ್ತಿದ್ದರು.

ವರ್ಷದ ಗಡುವು ಕಳೆದಾಗ ಅವರು 'ನ' ದಲ್ಲಿದ್ದರು. ಬೇರೆ ಎರಡು ಜೋಡಿಗಳಲ್ಲಿ ಒಂದು 'ಸ' ವರೆಗೆ ಹೋಗಿ ಜಗಳವಾಡಿಕೊಂಡು ನಿಂತಿತು. ಇನ್ನೊಂದು ಜೋಡಿ ಗಂಡ ಹೆಂಡತಿ. ಊರು ಬಿಟ್ಟು ಹೋದರು. ಲೈಬ್ರರಿಯವರಿಗೆ ವರ್ಗವಾಯಿತು. ಹೊಸದಾಗಿ ಬಂದ ಹೆಣ್ಣುಮಗಳು ಗೋಡೆಗೆ ಬಣ್ಣ ಹೊಡೆಸಲು ಆ ಹಾಳೆಯನ್ನು ಕಿತ್ತಳು. ಕಿತ್ತ ಮೇಲೆ, "ಇದು ನಿಮ್ಮದಂತೆ, ಬೇಕಾ?" ಎಂದು ಕೇಳಿದಳು. ಗೆರೆಯಕ್ಕ ಬೇಡ ಎಂದಳು. ಮನೆಯಲ್ಲಿ ಅದನ್ನು ನೋಡುವ ಕಣ್ಣು ಒಂದೇ ಜೊತೆ ಇದ್ದದ್ದು, ಅದಕ್ಕೂ ಆ ಹಾಳೆ ನೋಡಿ ನೋಡಿ ಸಾಕಾಗಿತ್ತು.

'ಪ' ದ ಪುಸ್ತಕ ಇಬ್ಬರಿಗೂ ಸೇರಲಿಲ್ಲ. 'ಮ' ದ್ದು ಎರಡು ಸಲ ಓದಿದರು. 'ಯ' ಮುಗಿಯುವ ಹೊತ್ತಿಗೆ ಟೀಚರಮ್ಮನಿಗೆ ಸೊಂಟ ಹಿಡಿದು ಅವರು ಎರಡು ತಿಂಗಳು ಮಂಚ ಬಿಡಲಿಲ್ಲ. ಆಗ ರೇಡಿಯೋ ಭಾನುವಾರಗಳಲ್ಲಿ ಬಂದು ಅವರನ್ನು ಏಳಿಸಿ ಕೂರಿಸಲು ಕೈಕೊಟ್ಟಳು. ಬಂದವಳು ಗೆರೆಯಕ್ಕ ಓದುವಾಗ ಬಾಯಿ ಮುಚ್ಚಿಕೊಂಡು ಕೇಳಿದಳು ಎಂಬುದನ್ನು ಬಟ್ಟೆ ವಿಭಾಗದಲ್ಲಿ ಯಾರೂ ನಂಬಲಿಲ್ಲ. ಗೆರೆಯಕ್ಕನ ಕೆಲಸ ಮಾತ್ರ ಅದೇ. ಹೊಸ ಉರುಳೆ ಬಂತು. ಅದು ಹಳೆಯದಕ್ಕಿಂತ ಬೇಗ ಓಡುತ್ತಿತ್ತು, ಅಷ್ಟೇ ಬೇಗ ಮಡಚಬೇಕಿತ್ತು. ಐವತ್ತು ದಾಟಿದ ಮೇಲೆ ಬಲ ಮಣಿಕಟ್ಟಿನಲ್ಲಿ ಒಂದು ನೋವು ಸೇರಿಕೊಂಡಿತು. ಪುಸ್ತಕವನ್ನು ಎಡಗೈಯಲ್ಲಿ ಹಿಡಿಯಲು ಕಲಿತಳು.

ಮೂರನೆಯ ವರ್ಷದ ಕೊನೆಗೆ, ಒಂದು ಭಾನುವಾರ ಮಧ್ಯಾಹ್ನ, 'ಹ' ಅಕ್ಷರದ ಕೊನೆಯ ಪುಟ ಬಂತು. ಸಣ್ಣ ಪುಸ್ತಕ, ಸಮುದ್ರದ ದೀಪಸ್ತಂಭ ಕಾಯುವವನ ಕಥೆ. ಓದಿ ಮುಗಿಸಿ ಗೆರೆಯಕ್ಕ ಅತ್ತೆಯ ಮುಖ ನೋಡಿದಳು. ಏನಾದರೂ ಹೇಳುತ್ತಾರೆ ಎಂದುಕೊಂಡಿದ್ದಳು.

"ಮುಗೀತು ಅತ್ತೆ."

"ಹೂಂ" ಎಂದರು ಟೀಚರಮ್ಮ. ಸ್ವಲ್ಪ ಹೊತ್ತಿನ ಮೇಲೆ, "ಕಾಲು ನೋಯ್ತಿದೆಯಾ?" ಎಂದು ಕೇಳಿದರು.

"ದಿನಾ ಇದ್ದದ್ದೇ."

"ಹಾಗಾದ್ರೆ ಸ್ವಲ್ಪ ಮಲಗು."

ಗೆರೆಯಕ್ಕ ಅಲ್ಲೇ ಚಾಪೆಯ ಮೇಲೆ ಕಾಲು ಚಾಚಿದಳು. ಹಿಗ್ಗೂ ಇಲ್ಲ, ದುಃಖವೂ ಇಲ್ಲ. ಮೂರು ಮಹಡಿ ಹತ್ತಿ ಬಂದು ಬಾಗಿಲ ಹತ್ತಿರ ಚೀಲ ಇಳಿಸಿದಾಗ ಹೆಗಲಿಗೆ ಆಗುವಂಥದ್ದು ಏನೋ ಒಂದು. ಕಣ್ಣು ಹತ್ತುವಷ್ಟರಲ್ಲಿ ಕಿಟಕಿಯ ಕಟ್ಟೆಯ ಮೇಲಿದ್ದ ಫೋನು ಬಡಿದುಕೊಂಡಿತು. ಪ್ರತಿ ಭಾನುವಾರ ತಾಯಿಯ ಜೊತೆ ಮಾತಾಡಲು ಮಗ ಮಾಡುವ ಫೋನು. ಏಳಬೇಕು ಅಂದುಕೊಂಡಳು, ಏಳಲಾಗಲಿಲ್ಲ. ಮಂಚ ಕಿರುಗುಟ್ಟಿತು. ಟೀಚರಮ್ಮ ಗೋಡೆ ಸವರುತ್ತ ಕಿಟಕಿಯವರೆಗೆ ಹೋಗಿ, ಕಟ್ಟೆಯ ಮೇಲೆಲ್ಲ ಕೈಯಾಡಿಸಿ, ಫೋನು ಹುಡುಕಿ ಕಿವಿಗೆ ಹಿಡಿದುಕೊಂಡದ್ದು ಅರೆನಿದ್ದೆಯಲ್ಲಿ ತಿಳಿಯಿತು.

"ಮೆಲ್ಲಗೆ ಮಾತಾಡೋ" ಎಂದರು ಅವರು, ಕ್ಲಾಸಿನಲ್ಲಿ ಗಲಾಟೆ ಮಾಡುವವನನ್ನು ಗದರಿಸುವ ದನಿಯಲ್ಲಿ. "ಅವಳು ಮಲಗಿದಾಳೆ."